ದ್ವಿತೀಯ ಚರಣ ಮೀಮಾಂಸೆ: ಹಾಡಿನ ಅರ್ಧಭಾಗದ ಸಮಗ್ರ ಅಧ್ಯಯನ

ಪೀಠಿಕೆ

ಕನ್ನಡದಲ್ಲಿ ಕಳೆದುಹೋದ ಕೃತಿಗಳಿಗೆ ಬರವಿಲ್ಲ. ಒಂದನೇ ಗುಣವರ್ಮನ ‘ಶೂದ್ರಕ’ ಪೂರ್ತಿಯಾಗಿ ಸಿಕ್ಕಿಲ್ಲ. ಪೊನ್ನನ ‘ಭುವನೈಕರಾಮಾಭ್ಯುದಯ’ವೂ ಸಿಕ್ಕಿಲ್ಲ. ಕವಿರಾಜಮಾರ್ಗ ಗೌರವದಿಂದ ಹೆಸರಿಸುವ ಕವಿಗಳಲ್ಲಿ ಹಲವರು ಹೆಸರಾಗಿಯೇ ಉಳಿದಿದ್ದಾರೆ. ಈ ನಷ್ಟಗಳಿಗಾಗಿ ತಲೆಮಾರುಗಟ್ಟಲೆ ಮರುಗಿದ ವಿದ್ವತ್ ಲೋಕ, ತನ್ನ ಕಣ್ಣೆದುರೇ, ಅದೂ ಧ್ವನಿವರ್ಧಕದ ಸಮೇತ ಕಳೆದುಹೋದ ಇನ್ನೊಂದು ಸಾಹಿತ್ಯರಾಶಿಯ ಕಡೆ ತಿರುಗಿಯೂ ನೋಡಲಿಲ್ಲ. ಅದು ಚಿತ್ರಗೀತೆಯ ಎರಡನೇ ಚರಣ. ಆ ಕೊರತೆಯನ್ನು ನೀಗಿಸಲು ಈ ಪ್ರಬಂಧ ಸೊಂಟ ಕಟ್ಟಿದೆ.

ಲಕ್ಷಣ

ಸೂತ್ರ 1: ಪಲ್ಲವಿ ಎಲ್ಲರಿಗೂ, ಮೊದಲ ಚರಣ ಕೆಲವರಿಗೂ ಬಂದು, ಎರಡನೇ ಚರಣ ಯಾರಿಗೂ ಬಾರದಿದ್ದರೆ ಅದು ಹಿಟ್.

ವ್ಯಾಖ್ಯಾನ: ‘ಎಲ್ಲರಿಗೂ’ ಎಂದದ್ದರಿಂದ ಹಾಡಲು ಬಾರದವರೂ ಸೇರಿದರು. ‘ಯಾರಿಗೂ’ ಎಂದದ್ದರಿಂದ ‘ನನಗೆ ಬರುತ್ತೆ’ ಎಂದು ಎದೆ ತಟ್ಟಿಕೊಳ್ಳುವವರೂ ಸೇರಿದರು. ಎರಡನೇ ಚರಣವೂ ಎಲ್ಲರಿಗೂ ಬಂದರೆ ಅದು ಭಜನೆ. ಪಲ್ಲವಿಯೂ ಯಾರಿಗೂ ಬಾರದಿದ್ದರೆ ಅದು ನವ್ಯಕಾವ್ಯ. ಅತಿವ್ಯಾಪ್ತಿ, ಅವ್ಯಾಪ್ತಿ ದೋಷಗಳೆರಡೂ ಹೀಗೆ ತೊಲಗಿದವು.

ಕಾಲಮಿತಿ

ಈ ಅಧ್ಯಯನ 1974ರಿಂದ ಶತಮಾನದ ಅಂತ್ಯದವರೆಗಿನದು. ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ತಮ್ಮ ಕಂಠದಲ್ಲೇ ಹಾಡಿದ್ದು 1974ರಲ್ಲಿ. ಅದಕ್ಕೂ ಮುಂಚೆ ಅವರು ಹಾಡಿದ್ದುಂಟು. ಆದರೆ ಅವರು ಖಾಯಂ ಗಾಯಕರಾದದ್ದು ಅಲ್ಲಿಂದಾಚೆಗೆ. ನಮ್ಮ ಛಂದಶ್ಶಾಸ್ತ್ರಕಾರರು ಪ್ರಾಸಕ್ಕೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಣಿಗಳ ಹೆಸರಿಟ್ಟರು. ಯಾರೂ ಕಾಣದ ಶರಭಕ್ಕೂ ಅಲ್ಲಿ ಜಾಗ ಸಿಕ್ಕಿತು, ಮನೆಮನೆಗೆ ಹಾಲು ಕೊಟ್ಟ ಎಮ್ಮೆಗೆ ಸಿಗಲಿಲ್ಲ. ಈ ಅನ್ಯಾಯ ಸರಿಹೋದ ವರ್ಷವೆಂದೂ 1974ನ್ನು ಗಣಿಸಬಹುದು.

ಲೋಪಕಾರಣಗಳು

ಮೊದಲನೆಯದು ನಾದಕಾರಣ. ಚಿತ್ರಗೀತೆಯ ಎರಡು ಚರಣಗಳಿಗೂ ಸಾಮಾನ್ಯವಾಗಿ ಒಂದೇ ಧಾಟಿ. ಸಂಗೀತ ನಿರ್ದೇಶಕರು ಧಾಟಿ ಕೊಟ್ಟು, ಕವಿಗಳು ಅದಕ್ಕೆ ಮಾತು ಹೊಂದಿಸುವ ಪದ್ಧತಿಯಲ್ಲಿ ಇದು ಅನುಕೂಲವೂ ಹೌದು. ಆದರೆ ಕೇಳುಗನ ತಲೆಯಲ್ಲಿ ಆ ಧಾಟಿಗೆ ಮೊದಲ ಚರಣ ಆಗಲೇ ಒಕ್ಕಲು ಬಂದಿರುತ್ತದೆ. ಎರಡನೆಯದು ಬಂದು ಬಾಗಿಲು ತಟ್ಟಿದರೆ ಒಳಗಿನವರು ತೆರೆಯುವುದಿಲ್ಲ.

ಎರಡನೆಯದು ಯಂತ್ರಕಾರಣ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಎರಡನೇ ಚರಣಕ್ಕೆ ಒಂದು ನಿಮಿಷವೆಂದು ಹಿಡಿದರೆ ಅದರ ಉದ್ದ ಸುಮಾರು 2.85 ಮೀಟರ್. ಒಂದು ಲುಂಗಿಗಿಂತ ಉದ್ದದ ವಸ್ತು ಪ್ರತಿ ಹಾಡಿನಿಂದಲೂ ಕಾಣೆಯಾಗುತ್ತಿದ್ದರೂ ಯಾರೂ ದೂರು ಕೊಟ್ಟಿಲ್ಲವೆಂಬುದು ಗಮನಾರ್ಹ. ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿಕೊಡುತ್ತಿದ್ದ ಅಂಗಡಿಗಳಲ್ಲಿ 60 ನಿಮಿಷದ ಟೇಪಿನ ಒಂದು ಬದಿಗೆ ಸಿಗುತ್ತಿದ್ದದ್ದು 30 ನಿಮಿಷ. ಕೊನೆಯ ಹಾಡು ಎಲ್ಲಿ ‘ಟಕ್’ ಎಂದು ನಿಲ್ಲುತ್ತಿತ್ತು ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಟೇಪ್‌ರೆಕಾರ್ಡರು ಸುರುಳಿಯನ್ನು ನುಂಗಿ, ಅದನ್ನು ಹೊರಗೆಳೆದು, ಪೆನ್ಸಿಲ್ ತೂರಿಸಿ ಸುತ್ತಿದ ಮೇಲೆ ಹಾಡು ಬದುಕುತ್ತಿತ್ತು ನಿಜ. ಆದರೆ ಸುಕ್ಕುಬಿದ್ದ ಜಾಗದಲ್ಲಿ ಗಾಯಕರು ನೀರೊಳಗಿಂದ ಹಾಡುತ್ತಿದ್ದರು.

ಮೂರನೆಯದು ಲಿಪಿಕಾರ ದೋಷ. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮ ಕೇಳುತ್ತ ನೋಟ್‌ಬುಕ್ಕಿನಲ್ಲಿ ಹಾಡು ಬರೆದುಕೊಳ್ಳುವ ಪರಂಪರೆಯೊಂದಿತ್ತು. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ ತಾಳೆಗರಿಯ ಲೋಪಗಳನ್ನು ವಿವರಿಸುತ್ತದೆಯೇ ಹೊರತು ಈ ನೋಟ್‌ಬುಕ್ಕುಗಳನ್ನು ಮುಟ್ಟುವುದಿಲ್ಲ. ಈ ಪ್ರತಿಗಳಲ್ಲಿ ಪಲ್ಲವಿ ದುಂಡಗಿರುತ್ತದೆ, ಮೊದಲ ಚರಣ ಓಡುತ್ತಿರುತ್ತದೆ, ಎರಡನೆಯದರಲ್ಲಿ ಎರಡು ಪದ, ಆಮೇಲೆ ಸಾಲುಚುಕ್ಕಿ. ಮುಂದಿನ ಬಾರಿ ಹಾಡು ಬಂದಾಗ ತುಂಬಿಸಿಕೊಳ್ಳಲು ಬಿಟ್ಟ ಜಾಗ ಅದು. ಹಾಡು ಬರುತ್ತಿತ್ತು. ಆದರೆ ಚರಣ ಬರುವ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಇಲ್ಲವೇ ವಾರ್ತೆ ಶುರುವಾಗುತ್ತಿತ್ತು.

ಪೂರ್ವಪಕ್ಷ: ಟಾಕೀಸಿನ ಹೊರಗೆ ಹಾಡಿನ ಪುಸ್ತಕ ಸಿಗುತ್ತಿತ್ತಲ್ಲ? ಸಿದ್ಧಾಂತ: ಸಿಗುತ್ತಿತ್ತು. ಅದರಲ್ಲಿ ಕಥಾಸಾರವನ್ನು ಅರ್ಧ ಹೇಳಿ, ಮಿಕ್ಕದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಲು ಅಪ್ಪಣೆ ಕೊಡಲಾಗುತ್ತಿತ್ತು. ಕಥೆಯನ್ನೇ ಅರ್ಧಕ್ಕೆ ಬಿಡುವ ಗ್ರಂಥದಿಂದ ಚರಣಪೂರ್ತಿಯ ಶಿಸ್ತು ಹುಟ್ಟೀತೆ?

ನಾಲ್ಕನೆಯದು ಸಮಾಜಕಾರಣ. ಅಂತ್ಯಾಕ್ಷರಿಯಲ್ಲಿ ಪಲ್ಲವಿಯೇ ಸಾಕು, ಚರಣಕ್ಕೆ ಅಂಕವಿಲ್ಲ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಎರಡನೇ ಚರಣದ ಹೊತ್ತಿಗೆ ಮುಂದಿನ ಹಾಡಿನ ಚೀಟಿ ವೇದಿಕೆ ತಲುಪಿರುತ್ತದೆ. ಇನ್ನು ನವೆಂಬರ್ ತಿಂಗಳು. 1993ರ ‘ಆಕಸ್ಮಿಕ’ ಚಿತ್ರಕ್ಕೆ ಹಂಸಲೇಖ ಕೊಟ್ಟ, ರಾಜ್‌ಕುಮಾರ್ ಜಟಕಾ ಗಾಡಿ ಹೊಡೆಯುತ್ತ ಹಾಡುವ ಗೀತೆಯಿಲ್ಲದೆ ರಾಜ್ಯೋತ್ಸವದ ಧ್ವಜ ಏರುವುದಿಲ್ಲ. ಪಲ್ಲವಿಗೆ ಇಡೀ ಮೈದಾನ ಕೈ ಎತ್ತುತ್ತದೆ. ಮೊದಲ ಚರಣಕ್ಕೆ ಅರ್ಧ ಕೈಗಳು ಇಳಿಯುತ್ತವೆ. ಎರಡನೇ ಚರಣ ಬರುವಷ್ಟರಲ್ಲಿ ಅಧ್ಯಕ್ಷರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಿರುತ್ತಾರೆ.

ಪೂರಣ ಪಂಥಗಳು

ಬಾರದ ಚರಣವನ್ನು ತುಂಬಿಸುವುದರಲ್ಲಿ ನಾಲ್ಕು ಪಂಥಗಳಿವೆ. ‘ಲಲಲಾ’ ಪಂಥ ಪ್ರಾಚೀನವಾದದ್ದು, ನಿರುಪದ್ರವಿ. ಮೂಗಿನ ಪಂಥ ಬಾಯಿ ಮುಚ್ಚಿ ಗಾಂಭೀರ್ಯ ಸಾಧಿಸುತ್ತದೆ. ಪುನರುಕ್ತಿ ಪಂಥದವರು ಮೊದಲ ಚರಣವನ್ನೇ ಮತ್ತೆ ಹಾಡಿ, ಕೇಳಿದವರಿಗೆ ‘ಇದು ಎರಡನೆಯದೇ’ ಎಂದು ವಾದಿಸುತ್ತಾರೆ. ಸ್ವಯಂಕವಿ ಪಂಥದವರು ಅಲ್ಲೇ ಕಟ್ಟಿ ಹಾಡುತ್ತಾರೆ. 1911ರಲ್ಲಿ ಗೋವಿಂದ ಪೈ ಆದಿಪ್ರಾಸವನ್ನು ಬಿಟ್ಟ ಮೇಲೆ ಕನ್ನಡ ಕಾವ್ಯ ನಿಟ್ಟುಸಿರು ಬಿಟ್ಟಿತು. ಚಿತ್ರಗೀತೆ ಮಾತ್ರ ಪ್ರಾಸವನ್ನು ಸಾಲಿನ ಕೊನೆಯಲ್ಲಿ ಬಿಗಿಯಾಗಿ ಹಿಡಿದುಕೊಂಡಿತು. ಹಾಗಾಗಿ ಒಲವು, ಚೆಲುವು, ನಲಿವು, ಗೆಲುವು ಎಂಬ ನಾಲ್ಕು ಪದ ಕೈಲಿದ್ದರೆ ಯಾರು ಬೇಕಾದರೂ ಎಂಟು ಸಾಲು ದಾಟಬಹುದು. ದಾಟಿದ್ದಾರೆ.

ಅಪವಾದಗಳು

1987ರ ‘ಪ್ರೇಮಲೋಕ’ ಮೊದಲ ಅಪವಾದ. ಸಾಹಿತ್ಯ, ಸಂಗೀತ ಎರಡನ್ನೂ ಹೊತ್ತ ಹಂಸಲೇಖ ಅಲ್ಲಿ ಮಾತುಕತೆಯನ್ನೇ ಹಾಡಾಗಿಸಿದರು. ಸಂವಾದವಾದ್ದರಿಂದ ಮರೆಯಲು ಕಷ್ಟ. ಆದರೂ ಹುಡುಗರಿಗೆ ನಾಯಕನ ಪ್ರಶ್ನೆಗಳು ಬಾಯಿಪಾಠವಾದವೇ ಹೊರತು ಉತ್ತರಗಳಲ್ಲ. ಉತ್ತರಗಳು ಹುಡುಗಿಯರ ಬಳಿ ಇದ್ದವು. ಅವರು ಹೇಳಲಿಲ್ಲ.

ಎರಡನೆಯದು 1992ರ ‘ಜೀವನ ಚೈತ್ರ’. ರಾಜ್‌ಕುಮಾರ್ ಅವರಿಗೆ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ತಂದ ಆ ಗೀತೆಯ ಪಲ್ಲವಿಯನ್ನೇ ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಇದನ್ನು ಹಿಟ್‌ಗಿಂತ ಮೇಲಿನ ದರ್ಜೆಯಲ್ಲಿಟ್ಟು ಕೈಮುಗಿಯುವುದೇ ಸರಿ.

ಮೂರನೆಯದು ಗಾಯಕರದೇ ಅಪವಾದ. ಎರಡನೇ ಚರಣವನ್ನು ಒಂದಕ್ಷರ ಎಡವದೆ ಹಾಡಿಟ್ಟ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಈ ಮೂವರ ಮನೆಮಾತೂ ತೆಲುಗು. ಮರೆತವರು ಅಚ್ಚ ಕನ್ನಡಿಗರು. 1981ರ ಫೆಬ್ರುವರಿ 8ರಂದು ಬಾಲಸುಬ್ರಹ್ಮಣ್ಯಂ ಉಪೇಂದ್ರಕುಮಾರ್ ಅವರ ಸಂಗೀತದಲ್ಲಿ ಒಂದೇ ದಿನ 21 ಕನ್ನಡ ಹಾಡು ಹಾಡಿದರು. ನಮ್ಮವರು ಒಂದು ಜನ್ಮದಲ್ಲಿ ಅಷ್ಟು ಎರಡನೇ ಚರಣ ಹಾಡಿದ್ದರೆ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ.

ಆಕ್ಷೇಪ: ರಾಜ್‌ಕುಮಾರ್ ಕನ್ನಡಿಗರಲ್ಲವೆ? ಸಮಾಧಾನ: ಅವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಕಂಪನಿ ನಾಟಕದಲ್ಲಿ ಪದ್ಯವನ್ನು ಅರ್ಧಕ್ಕೆ ಬಿಟ್ಟರೆ ಪ್ರೇಕ್ಷಕ ‘ಒನ್ಸ್ ಮೋರ್’ ಅನ್ನುತ್ತಿರಲಿಲ್ಲ, ಬೇರೇನನ್ನೋ ಅನ್ನುತ್ತಿದ್ದ.

ವಸ್ತುವಿಚಾರ

ಇಷ್ಟಕ್ಕೂ ಆ ಚರಣದಲ್ಲಿ ಇದ್ದದ್ದೇನು? ಆ ಕಾಲದ ಯುಗಳಗೀತೆಗಳನ್ನು ಒಟ್ಟಾಗಿ ನೋಡಿದರೆ ಒಂದು ಒಲವು ಕಾಣುತ್ತದೆ. ಮೊದಲ ಚರಣ ವರ್ಣನೆಯ ಕಡೆ ವಾಲುತ್ತದೆ: ಚಂದ್ರ, ಮೋಡ, ಮಲ್ಲಿಗೆ, ಕಣ್ಣು, ನಡಿಗೆ. ಎರಡನೆಯದು ಪ್ರತಿಜ್ಞೆಯ ಕಡೆ ವಾಲುತ್ತದೆ: ಏಳೇಳು ಜನ್ಮದ ಜೊತೆ, ಕಷ್ಟದಲ್ಲಿ ಕೈ ಬಿಡದ ಮಾತು, ಪ್ರಾಣ ಕೊಡುವ ಸಿದ್ಧತೆ. ಚಿ. ಉದಯಶಂಕರ್‌ರಂಥ ಕವಿಗಳು ದುಡಿದು ಬರೆದದ್ದು ಇಲ್ಲೇ, ಏಕೆಂದರೆ ಚಂದ್ರ ಆಗಲೇ ಖರ್ಚಾಗಿರುತ್ತಿದ್ದ.

ಸೂತ್ರ 2: ಹೊಗಳಿಕೆ ಬಾಯಿಗೆ ಹತ್ತುತ್ತದೆ, ಕೊಟ್ಟ ಮಾತು ಹತ್ತುವುದಿಲ್ಲ.

ವ್ಯಾಖ್ಯಾನ: ಇದರಿಂದ ಅನೇಕ ಸಂಗತಿಗಳು ಒಟ್ಟಿಗೇ ವಿವರಣೆ ಪಡೆಯುತ್ತವೆ. ಮದುವೆಯ ಆರ್ಕೆಸ್ಟ್ರಾದಲ್ಲಿ ಮೊದಲ ಚರಣವನ್ನು ಕಣ್ಣುಮುಚ್ಚಿ ಹಾಡಿದ ಮದುಮಗ, ಹತ್ತು ವರ್ಷದ ಮೇಲೆ ‘ಆಗ ಏನಂದಿದ್ರಿ?’ ಎಂದು ಹೆಂಡತಿ ಕೇಳಿದರೆ ‘ಲಲಲಾ’ ಪಂಥಕ್ಕೆ ಸೇರಿಬಿಡುತ್ತಾನೆ. ಸುಳ್ಳನಲ್ಲ ಅವನು, ಆ ಭಾಗ ಅವನಿಗೆ ಬರುವುದೇ ಇಲ್ಲ. ನವೆಂಬರ್ 1ರಂದು ನಾಡನ್ನು ಪಲ್ಲವಿಯಲ್ಲಿ ಎತ್ತಿ ಹಿಡಿದವರು ಮಕ್ಕಳನ್ನು ಕನ್ನಡ ಶಾಲೆಗೆ ಸೇರಿಸಬೇಕಾದ ಜೂನ್ ತಿಂಗಳಲ್ಲಿ ಮೂಗಿನ ಪಂಥ ಹಿಡಿಯುತ್ತಾರೆ. ಚುನಾವಣೆಯ ಪ್ರಣಾಳಿಕೆಗೂ ಈ ಸೂತ್ರ ಅನ್ವಯವಾಗುತ್ತದೆಯೇ ಎಂಬುದು ಪ್ರತ್ಯೇಕ ಸಂಪುಟದ ವಿಷಯ.

ಫಲಶ್ರುತಿ

ಈ ಮೀಮಾಂಸೆಯನ್ನು ಆದ್ಯಂತ ಓದಿದವರಿಗೆ ಅಂತ್ಯಾಕ್ಷರಿಯಲ್ಲಿ ‘ಣ’ ಅಕ್ಷರ ಬಾರದು. ಓದಿ ಇನ್ನೊಬ್ಬರಿಗೆ ಹೇಳಿದವರಿಗೆ ಬಸ್ಸಿನಲ್ಲಿ ಸ್ಪೀಕರಿನಿಂದ ದೂರದ ಸೀಟು ಸಿಗುವುದು. ಪೀಠಿಕೆ ಓದಿ, ನಡುವಿನದನ್ನು ಹಾರಿಸಿ, ನೇರ ಇಲ್ಲಿಗೆ ಬಂದವರಿಗೂ ಅಷ್ಟೇ ಪುಣ್ಯ ಉಂಟು. ಅಂಥವರು ಹೆಚ್ಚಾದಷ್ಟೂ, ಸೂತ್ರ 1ರ ಪ್ರಕಾರ, ಈ ಪ್ರಬಂಧ ಹಿಟ್.