ಒಂದು ಲೋಡ್ ಮರಳು

ಬ್ರಿಸ್ಬೇನ್‌ನಲ್ಲಿರುವ ಮಗಳು ಪಾಪ, ಹೇಳಿದ್ದು ಇಷ್ಟೇ: "ಅಮ್ಮ, ಈ ಸಲ ಬಂದಾಗ ಫ್ರೇಸರ್ ಐಲ್ಯಾಂಡಿಗೆ ಹೋಗೋಣ. ಜೀಪಲ್ಲಿ ಒಂದೇ ದಿನಕ್ಕೆ ನೋಡ್ಕೊಂಡು ಬರಬಹುದು." ಜೀಪಿನಲ್ಲಿ ಕುಲುಕಿಸಿಕೊಳ್ಳುವುದಕ್ಕೆ ಸಮುದ್ರ ದಾಟಬೇಕೆ? ಪಿರಿಯಾಪಟ್ಟಣದ ಒಳರಸ್ತೆಗಳಿಗೇನು ಬಂದಿದೆ? ನಾನು ನಡೆದೇ ನೋಡುತ್ತೇನೆ ಎಂದುಬಿಟ್ಟೆ. ಅಲ್ಲಿನ ಕಾಲುದಾರಿ 90 ಕಿಲೋಮೀಟರ್ ಎಂದು ಆಮೇಲೆ ಗೊತ್ತಾಯಿತು. ಆಡಿದ ಮಾತು ನುಂಗಿದರೆ ಮನೆಯಲ್ಲಿ ಮರ್ಯಾದೆ ಉಳಿದೀತೆ?

ಯೋಜನೆ ಶುರುವಾಯಿತು. ಪ್ರಪಂಚದಲ್ಲೇ ದೊಡ್ಡ ಮರಳಿನ ದ್ವೀಪ ಅದು. 2023ರಲ್ಲಿ ಅಲ್ಲಿನ ಮೂಲನಿವಾಸಿ ಬುಚ್ಚುಲ್ಲಾ ಜನ ಕರೆಯುತ್ತಿದ್ದ ಹೆಸರನ್ನೇ ಮತ್ತೆ ಇಟ್ಟರು, ಈಗ ಗರ್ರಿ ಎನ್ನುತ್ತಾರೆ. ಬರೀ ಮರಳಿನ ಮೇಲೆ ಮಳೆಕಾಡು, ದಿಬ್ಬಗಳ ನಡುವೆ ಸಿಹಿನೀರಿನ ಕೆರೆಗಳು. ನಡಿಗೆ ಡಿಲ್ಲಿ ವಿಲೇಜ್‌ನಿಂದ ಹ್ಯಾಪಿ ವ್ಯಾಲಿವರೆಗೆ, ನಿಧಾನಸ್ಥರಿಗೆ ಏಳೆಂಟು ದಿನ. ಬೂಮಂಜಿನ್, ಬೆನರೂನ್, ಮೆಕೆಂಜಿ, ವಾಬಿ ಎಂದು ಕೆರೆಗಳನ್ನು ಬಾಯಿಪಾಠ ಮಾಡಿದೆ. ಟೆಂಟ್ ಹಾಕಲು ಪರ್ಮಿಟ್ ಬೇಕು, ಡಿಂಗೋ ಎಂಬ ಕಾಡುನಾಯಿಗೆ ವಾಸನೆ ಹತ್ತದಂತೆ ಊಟವನ್ನು ಬೀಗದ ಪೆಟ್ಟಿಗೆಯಲ್ಲಿಡಬೇಕು, ಅದಕ್ಕೆ ತುತ್ತು ಹಾಕಿದರೆ ದಂಡ. "ನಿನ್ನ ಹುರುಳಿ ಚಟ್ನಿಪುಡಿ ತಗೊಂಡು ಹೋಗು, ನಾಯಿಗಳೇ ದ್ವೀಪ ಬಿಟ್ಟು ಓಡ್ತವೆ" ಎಂದರು ಯಜಮಾನರು. ಅವರನ್ನು ಯೋಜನೆಯಿಂದ ಕೈಬಿಟ್ಟೆ.

ಉಳಿದದ್ದು ಅಭ್ಯಾಸ. ನಮ್ಮ ಬೈಲಕುಪ್ಪೆಯಲ್ಲಿ ಮುಸುಕಿನ ಜೋಳ ಉಂಟು, ಹೊಗೆಸೊಪ್ಪಿನ ಬ್ಯಾರನ್ ಉಂಟು, ನಡೆಯಲು ಮರಳೆಲ್ಲಿ? ಪುಣ್ಯಕ್ಕೆ ಪಕ್ಕದ ಸೈಟಿನವರು ಮನೆ ಕಟ್ಟಲು ಒಂದು ಲೋಡ್ ಇಳಿಸಿದ್ದರು.

ಬೆಳಕು ಹರಿಯುವ ಮುಂಚೆ, ಮೊಮ್ಮಗನ ಹಳೇ ಸ್ಕೂಲ್ ಬ್ಯಾಗಿಗೆ ರಾಗಿಹಿಟ್ಟು ತುಂಬಿ ಬೆನ್ನಿಗೇರಿಸಿ, ಸೆರಗು ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿ ಗುಡ್ಡೆ ಹತ್ತಿದೆ. ಎರಡು ಹೆಜ್ಜೆ ಮೇಲೆ, ಒಂದೂವರೆ ಹೆಜ್ಜೆ ಕೆಳಗೆ. ನೆತ್ತಿ ತಲುಪಿ, ಸೊಂಟದ ಮೇಲೆ ಕೈಯಿಟ್ಟು ದಿಗಂತ ನೋಡಿದರೆ ಆಚೆ ಮನೆಯವರ ಬಚ್ಚಲ ಕಿಟಕಿ. ಇಳಿದೆ. ಹತ್ತುವುದಕ್ಕಿಂತ ಸುತ್ತುವುದೇ ವಾಸಿ ಎಂದು ಸುತ್ತತೊಡಗಿದೆ. ಸ್ವರ್ಣಮಂದಿರದ ಕಡೆ ಕೊರಾಕ್ಕೆ, ಅಂದರೆ ಪ್ರದಕ್ಷಿಣೆಗೆ, ಹೊರಟಿದ್ದ ಟಿಬೆಟನ್ ಅಜ್ಜಿಯೊಬ್ಬರು ಪ್ರಾರ್ಥನಾ ಚಕ್ರ ತಿರುಗಿಸುತ್ತ ನಿಂತರು. ಗುಡ್ಡೆ, ನನ್ನ ಶೂ, ಬೆನ್ನ ಮೇಲಿನ ಸ್ಪೈಡರ್‌ಮ್ಯಾನ್, ಎಲ್ಲವನ್ನೂ ನೋಡಿದರು. ಆಮೇಲೆ ಬಹಳ ಗಂಭೀರವಾಗಿ ಗಾಳಿಯಲ್ಲಿ ಬೆರಳು ತಿರುಗಿಸಿ ತೋರಿಸಿದರು. ನಾನು ಅಪ್ರದಕ್ಷಿಣೆ ಹಾಕುತ್ತಿದ್ದೆ! ನಮ್ಮ ದೇವರಿಗೂ ಹಾಗೆ ಸುತ್ತುವುದಿಲ್ಲವಲ್ಲ, ತಿರುಗಿದೆ. ಅವರಿಗೆ ನನ್ನ ಮೇಲೆ ನಂಬಿಕೆ ಬರಲಿಲ್ಲವೋ ಏನೋ, ತಾವೇ ಮುಂದಾಗಿ ಹೊರಟರು. ಮರಳಲ್ಲಿ ಮಂಡಲ ಬರೆದು ತಾವೇ ಅಳಿಸುವ ಜನ, ಮರಳಿನ ಪೂಜೆ ಅವರಿಗೆ ವಿಚಿತ್ರ ಅನಿಸಿರಲಿಕ್ಕಿಲ್ಲ. ಅವರ ಹಿಂದೆ ನಾನು, ನನ್ನ ಹಿಂದೆ ಬೀದಿನಾಯಿ. ಅಷ್ಟರಲ್ಲಿ ಹಾಲಿನವನು ಬಂದ. ಬೈಕ್ ನಿಲ್ಲಿಸಿ, ಚಪ್ಪಲಿ ಬಿಟ್ಟು, ಗುಡ್ಡೆಗೆ ಕೈಮುಗಿದ.

ಭಂಗ ತಂದವನು ಮೇಸ್ತ್ರಿ. "ಅಮ್ಮಾವ್ರೇ, ಇದು ಮರಳಲ್ಲ. ಎಂ-ಸ್ಯಾಂಡು, ಕಲ್ಲುಪುಡಿ."

ಕೊಪ್ಪದ ಸೇತುವೆಯ ಕೆಳಗೆ ಕಾವೇರಿ ಹರಿಯುತ್ತಾಳೆ, ನಾವು ಬಂಡೆ ಅರೆದು ಮರಳು ಅನ್ನುತ್ತೇವೆ. ಆ ದ್ವೀಪದಲ್ಲೂ ಖನಿಜಕ್ಕಾಗಿ ಮರಳು ಬಗೆಯುತ್ತಿದ್ದರು. ಅಲ್ಲಿನ ಸರ್ಕಾರ ರಫ್ತಿಗೆ ತಡೆ ಹಾಕಿತು, 1976ರ ಕೊನೆಗೆ ಗಣಿ ನಿಂತಿತು, 1992ರಲ್ಲಿ ದ್ವೀಪ ವಿಶ್ವಪರಂಪರೆಯ ಪಟ್ಟಿ ಸೇರಿತು. ನಮ್ಮ ಹೊಳೆಗಳಲ್ಲಿ ಬಗೆದು ಬಿಟ್ಟ ಗುಂಡಿಗಳಿಗೆ ಈಜಲು ಇಳಿದ ಹುಡುಗರ ಸುದ್ದಿಯನ್ನು ಬೇಸಿಗೆಯಲ್ಲಿ ಓದುತ್ತೇವೆ, ಪೇಪರ್ ಮಡಿಸುತ್ತೇವೆ. ಲಾರಿ ಯಾರದ್ದೆಂದು ಊರಿಗೆಲ್ಲ ಗೊತ್ತಿರುತ್ತದೆ, ಪಂಚನಾಮೆಗೆ ಮಾತ್ರ ಗೊತ್ತಿರುವುದಿಲ್ಲ.

ಇರಲಿ. ಕಲ್ಲುಪುಡಿಯೋ ಮರಳೋ, ಕಾಲಿಗೆ ನೋವು ಒಂದೇ. ಈಗಿನ ತೊಂದರೆಯೆಂದರೆ ಸಿಮೆಂಟ್ ಕಲಸಿದಂತೆಲ್ಲ ನನ್ನ ಶಿಖರ ಇಳಿಯುತ್ತಿದೆ, ಮೋಲ್ಡ್ ಹಾಕಿದ ಸಂಜೆಗೆ ಮೊಣಕಾಲುದ್ದವಾಯಿತು. "ಜೀಪ್ ಬುಕ್ ಮಾಡ್ಲಾ?" ಎಂದು ಮಗಳು ಕೇಳುತ್ತಿದ್ದಾಳೆ. ತಡಿಯೇ ಅಂದಿದ್ದೇನೆ. ಪಕ್ಕದ ಸೈಟಿನವರನ್ನು ಕಾಫಿಗೆ ಕರೆದು, ಹೇಗೂ ಕೆಲಸದವರು ಇದ್ದಾರೆ, ಮೇಲೊಂದು ಮಹಡಿಯನ್ನೂ ಎತ್ತಿಸಿಬಿಡಿ, ಬಾಡಿಗೆಗಾದರೂ ಆಗುತ್ತೆ ಎಂದು ಬುದ್ಧಿ ಹೇಳಿದೆ. ಯೋಚನೆ ಮಾಡ್ತೀವಿ ಅಂದಿದ್ದಾರೆ.