ಅರ್ಧ ಹಾಳೆಯಲ್ಲಿ ಅರ್ಧ ಯುರೋಪು

1944ರ ಅಕ್ಟೋಬರ್ 9ರ ರಾತ್ರಿ, ಕ್ರೆಮ್ಲಿನ್. ಹಿಟ್ಲರ್ ಇನ್ನೂ ಸೋತಿಲ್ಲ. ಯಾವ ದೇಶದಲ್ಲಿ ಯಾರ ಪ್ರಭಾವ ಎಷ್ಟೆಂಬ ಪಾಲುಪಟ್ಟಿ ಮಾತ್ರ ಸಿದ್ಧ.

ಚರ್ಚಿಲ್ ಹಾಳೆಯ ಮೇಲೆ ಗೀಚಿದರು: ರುಮೇನಿಯ ರಷ್ಯಾಕ್ಕೆ ಶೇ. 90, ಗ್ರೀಸ್ ಬ್ರಿಟನ್ನಿಗೆ ಶೇ. 90, ಬಲ್ಗೇರಿಯ ರಷ್ಯಾಕ್ಕೆ ಶೇ. 75, ಯುಗೊಸ್ಲಾವಿಯ, ಹಂಗೆರಿ ಸಮಪಾಲು. ಸ್ಟಾಲಿನ್ ನೀಲಿ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದರು. ಆ ದೇಶಗಳವರು ಯಾರೂ ಅಲ್ಲಿರಲಿಲ್ಲ. ಆಸ್ತಿಯನ್ನೇನು ಕೇಳಿ ಹಂಚುತ್ತಾರೆಯೇ?

ಮುಂದಿನ ಮಾತುಕತೆ ಚರ್ಚಿಲ್ಲರೇ ಬರೆದಿಟ್ಟದ್ದು, ತಾತ್ಪರ್ಯ ಇಷ್ಟು:

“ಲಕ್ಷಾಂತರ ಜನರ ಹಣೆಬರಹವನ್ನು ಹೀಗೆ ಸಲೀಸಾಗಿ ಮುಗಿಸಿದೆವೆಂದು ಆಡಿಕೊಂಡಾರು. ಸುಟ್ಟುಬಿಡೋಣವೇ?”

“ಬೇಡ, ನೀವೇ ಇಟ್ಟುಕೊಳ್ಳಿ,” ಎಂದರು ಸ್ಟಾಲಿನ್.

ಮರುದಿನದಿಂದ ವಿದೇಶಾಂಗ ಸಚಿವರಾದ ಈಡನ್, ಮೊಲೊಟೊವ್ ಚೌಕಾಸಿಗೆ ಕೂತರು. ಹಂಗೆರಿ, ಬಲ್ಗೇರಿಯಗಳಲ್ಲಿ ರಷ್ಯಾದ ಪಾಲು ಶೇ. 80ಕ್ಕೇರಿತು.

ಡಿಸೆಂಬರಿನಲ್ಲಿ ಅಥೆನ್ಸಿನ ಬೀದಿಗಳಲ್ಲಿ ಬ್ರಿಟಿಷ್ ಸೇನೆ ಗ್ರೀಕ್ ಕಮ್ಯುನಿಸ್ಟರ ಮೇಲೆ ಬಿದ್ದಾಗ ಸ್ಟಾಲಿನ್ ತುಟಿ ಪಿಟಕ್ಕೆನ್ನಲಿಲ್ಲ.