ಸಿಮಾಸ್ ಕಾಕಾ

ಬೈಲಹೊಂಗಲದಲ್ಲಿ ಒಬ್ಬರಿದ್ದಾರೆ, ಸವದತ್ತಿಯಲ್ಲಿ ಒಬ್ಬರು, ರಾಮದುರ್ಗದಲ್ಲಿ ಒಬ್ಬರು. ಕಿತ್ತೂರು ಸಣ್ಣದಾದರೂ ಅಲ್ಲಿಯೂ ಒಬ್ಬರು ಇರಲೇಬೇಕು. ಒಂದು ಕಾಲಕ್ಕೆ ಟಿವಿ ರಿಪೇರಿ ಮಾಡುತ್ತಿದ್ದವರು. ಹೊಟ್ಟೆಯುಬ್ಬಿದ ಟಿವಿ ಹೋಗಿ ಗೋಡೆಗಂಟುವ ಟಿವಿ ಬಂದ ಮೇಲೆ ಗಿರಾಕಿಗಳು ಕರಗಿದರು, ವಿದ್ಯೆ ಮಾತ್ರ ಉಳಿಯಿತು. ಅದನ್ನು ಯಾರಿಗಾದರೂ ದಾಟಿಸಲೇಬೇಕೆಂದು ಪಡಸಾಲೆಯಲ್ಲಿ ಕೂತು, ಹಾದುಹೋಗುವ ಹುಡುಗರಿಗಾಗಿ ಹೊಂಚು ಹಾಕುತ್ತಾರೆ. ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿದೆ. ಊರಿಗೆ ಅವರು ಸಿಮಾಸ್ ಕಾಕಾ.

ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಕಾಕಾಗೆ ಸುಗ್ಗಿ. ಹುಡುಗ ಕೇಳುವುದು ಇಷ್ಟೇ: "ಕಾಕಾ, ಒಂದರ ಹಿಂದ ಒಂದು ಹತ್ತೋ ಲೈಟ್ ಮಾಡಿಕೊಡ್ರಿ." ಕಾಕಾ ಶುರು ಮಾಡುವುದು 1963ರಿಂದ. ಆ ವರ್ಷ ಅಮೆರಿಕದ ಫೇರ್‌ಚೈಲ್ಡ್ ಕಂಪನಿಯ ಫ್ರಾಂಕ್ ವಾನ್ಲಾಸ್ ಎರಡು ಜಾತಿಯ ಟ್ರಾನ್ಸಿಸ್ಟರುಗಳನ್ನು ಜೋಡಿ ಮಾಡಿದ. ಆ ಜೋಡಿಗೇ ಸಿಮಾಸ್ (CMOS) ಎಂದು ಹೆಸರು. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಹೀಗಾಗಿ ಸುಮ್ಮನೆ ಕೂತ ಚಿಪ್ಪಿನೊಳಗೆ ಪ್ಲಸ್‌ನಿಂದ ಮೈನಸ್‌ಗೆ ಕರೆಂಟು ಹರಿಯಲು ದಾರಿಯೇ ಇರುವುದಿಲ್ಲ, ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. 1968ರಲ್ಲಿ ಆರ್‌ಸಿಎ ಕಂಪನಿ ಇಂಥ ಚಿಪ್ಪುಗಳ 4000 ಸರಣಿಯನ್ನು ಪೇಟೆಗೆ ಬಿಟ್ಟಿತು. ಇಷ್ಟು ಹೇಳುವಷ್ಟರಲ್ಲಿ ಹುಡುಗನ ಟ್ಯೂಷನ್ ಹೊತ್ತು ಮೀರಿರುತ್ತದೆ.

"ಹಳೇ 7400 ಚಿಪ್ಪು ಅದಾವಲ್ಲ, ಅವು ಸಾಹುಕಾರರು. ಐದು ವೋಲ್ಟ್ ಅಂದ್ರ ಐದ ಬೇಕು. ಈ ನಮ್ಮ 4000 ಸರಣಿಯ 4017 ಬಡವರ ಮಗ. ಮೂರರಿಂದ ಹದಿನೈದರ ತನಕ ಏನ್ ಕೊಟ್ರೂ ನಡೀತೈತಿ. ಮಿರ್ಚಿ ತಿನ್ನೋ ರೊಕ್ಕಕ್ಕ ಒಂದು ಬರ್ತೈತಿ ತಮ್ಮಾ."

ಮಾತು ನಿಜ. ಮೋಟರ್ ಶುರುವಾದೊಡನೆ ಮನೆಯ ಬಲ್ಬು ಕಣ್ಣು ಕಿರಿದು ಮಾಡುವ ನಮ್ಮ ಸೀಮೆಯಲ್ಲಿ ಇಂಥ ತಾಳ್ಮೆಯ ಚಿಪ್ಪಿಗೆ ಬೆಲೆ ಹೆಚ್ಚು.

ಆದರೆ ಈ ಬಡವರ ಮಗನಿಗೆ ಮಡಿ ಬಹಳ. ಚಿಪ್ಪಿನ ಹೊಸ್ತಿಲಲ್ಲಿ ಕೂದಲೆಳೆಗಿಂತ ಎಷ್ಟೋ ಪಾಲು ತೆಳುವಾದ ಗಾಜಿನಂಥ ಪದರವಿದೆ. ಒಣಹವೆಯಲ್ಲಿ ನಡೆದಾಡಿದ ಮನುಷ್ಯನ ಮೈಮೇಲೆ ಸಾವಿರಾರು ವೋಲ್ಟ್ ಸ್ಥಾಯಿ ವಿದ್ಯುತ್ತು ಕೂಡಬಹುದು. ಮುಟ್ಟಿದರೆ ಪದರ ತೂತು. ಅದಕ್ಕೇ ಕಾಕಾ ಚಿಪ್ಪು ಹಿಡಿಯುವ ಮೊದಲು ಅಂಗಳಕ್ಕೆ ಹೋಗಿ ಕಬ್ಬಿಣದ ನಲ್ಲಿ ಮುಟ್ಟಿ ಬರುತ್ತಾರೆ. ಎದುರುಮನೆಯ ಅಜ್ಜಿ ಅದನ್ನು ಗಂಗಾಪೂಜೆ ಎಂದು ತಿಳಿದು ತಾನೂ ಕೈಮುಗಿಯುತ್ತಾಳೆ. ದೇವರ ಮಡಿಗೂ ಚಿಪ್ಪಿನ ಮಡಿಗೂ ಒಂದೇ ವ್ಯತ್ಯಾಸ. ಅಲ್ಲಿ ರೇಷ್ಮೆ ಶ್ರೇಷ್ಠ, ಇಲ್ಲಿ ರೇಷ್ಮೆಯೂ ಪಾಲಿಯೆಸ್ಟರೂ ಮೈಲಿಗೆ, ಹತ್ತಿಯೊಂದೇ ಪವಿತ್ರ. ಬೈಲಹೊಂಗಲದಂಥ ಹತ್ತಿ ಪೇಟೆಯಲ್ಲಿದ್ದೂ ಪಾಲಿಯೆಸ್ಟರ್ ಅಂಗಿ ಹಾಕಿಕೊಂಡು ಬಂದ ಹುಡುಗ ಅಂಗಿ ಬಿಚ್ಚಿ ಬನಿಯನ್‌ನಲ್ಲಿ ಕೂತು ಪಾಠ ಕೇಳಬೇಕು.

ಚಿಪ್ಪುಗಳನ್ನು ಸುತ್ತಿಡಲು ಬೆಳ್ಳಿ ಹಾಳೆ ಬೇಕು. ಸಿಗರೇಟಿನ ಖಾಲಿ ಪಾಕೀಟುಗಳಲ್ಲಿ ಅದು ಪುಕ್ಕಟೆ ಸಿಗುತ್ತದೆ. ಜನ್ಮದಲ್ಲಿ ಒಂದು ಬೀಡಿ ಸೇದದ ಕಾಕಾ ಪಾನಂಗಡಿ ಮುಂದೆ ಬಗ್ಗಿ ಬಗ್ಗಿ ಪಾಕೀಟು ಆಯುವುದನ್ನು ನೋಡಿ ಬೀಗರು ಊರೆಲ್ಲ ಸುದ್ದಿ ಮಾಡಿದ್ದಾರೆ. ಅಸಲಿಗೆ, ಚಿಪ್ಪಿನ ಬಾಗಿಲಲ್ಲೇ ಕಾವಲಿಗೆ ಡಯೋಡುಗಳನ್ನು ತಯಾರಕರೇ ಇಟ್ಟು ಬಹಳ ಕಾಲವಾಯಿತು, ಅಷ್ಟೇನೂ ಹೆದರಬೇಕಿಲ್ಲ. ಕಾಕಾಗೂ ಇದು ಗೊತ್ತು. "ಹುಡುಗ್ರಿಗೆ ಸ್ವಲ್ಪ ಅಂಜಿಕಿ ಇರಬೇಕ್ರಿ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಇನ್ನು ಕಾಲುಗಳ ಪಾಠ. 4017ಕ್ಕೆ ಹದಿನಾರು ಕಾಲು. ಕಚ್ಚು ಇರುವ ತುದಿಯನ್ನು ಮೇಲೆ ಹಿಡಿದರೆ ಎಡಗಡೆಯ ಮೊದಲನೆಯದೇ ಒಂದು. ಅಲ್ಲಿಂದ ಗಡಿಯಾರಕ್ಕೆ ವಿರುದ್ಧವಾಗಿ ಎಣಿಸುತ್ತ ಹೋಗಬೇಕು. ಎಂಟಕ್ಕೆ ಮೈನಸ್, ಹದಿನಾರಕ್ಕೆ ಪ್ಲಸ್. 555 ಎಂಬ ಇನ್ನೊಂದು ಚಿಪ್ಪಿನಿಂದ ಬರುವ ತಾಳ ಹದಿನಾಲ್ಕಕ್ಕೆ. ಪ್ರತಿ ತಾಳಕ್ಕೂ ದೀಪ ಒಂದೊಂದು ಕಾಲು ಮುಂದೆ ಜಿಗಿಯುತ್ತದೆ. ಆದರೆ ಕಾಲುಗಳು ಸಾಲಾಗಿಲ್ಲ. ಕಾಕಾ ಅದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ: "ಮೂರು, ಎರಡು, ನಾಕು, ಏಳು, ಹತ್ತು, ಒಂದು, ಐದು, ಆರು, ಒಂಬತ್ತು, ಹನ್ನೊಂದು." ಚಹಾದಂಗಡಿಯಲ್ಲಿ ಇದನ್ನು ಕೇಳಿಸಿಕೊಂಡ ಪುಣ್ಯಾತ್ಮನೊಬ್ಬ ಓಸಿ ನಂಬರೆಂದು ತಿಳಿದು ಎರಡು ಅಂಕಿಗೆ ದುಡ್ಡು ಕಟ್ಟಿ ಕಳೆದುಕೊಂಡ. ಈಗಲೂ ಕಾಕಾನ ಮುಖ ಕಂಡರೆ ಓಣಿ ಬದಲಿಸುತ್ತಾನೆ.

ಕಾಕಾನ ಪಾಠದಲ್ಲಿ ಎಲ್ಲಕ್ಕಿಂತ ದೊಡ್ಡ ವಿಧಿ ಒಂದೇ. ಒಳಬರುವ ಯಾವ ಕಾಲನ್ನೂ ಗಾಳಿಯಲ್ಲಿ ಬಿಡಬಾರದು. ಕೆಲಸವಿಲ್ಲದಿದ್ದರೂ ಪ್ಲಸ್‌ಗೋ ಮೈನಸ್‌ಗೋ ಕಟ್ಟಿಹಾಕಬೇಕು. ಇಲ್ಲದಿದ್ದರೆ ಅದು ಗೋಡೆಯೊಳಗಿನ ವೈರಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹತ್ತಿರ ಬಂದ ಬೆರಳನ್ನೂ ಹುಕುಂ ಎಂದೇ ತಿಳಿದು ಕುಣಿಯುತ್ತದೆ. ಇದನ್ನು ಕಾಕಾ ಮೇಜು ಗುದ್ದಿ ಹೇಳುತ್ತಾರೆ. ಅವರ ಮನೆಯ ನೀರಿನ ಟಾಕಿಗೆ ಹಾಕಿದ ಗಂಟೆಯಲ್ಲಿ ಮಾತ್ರ ಅಂಥ ಒಂದು ಕಾಲನ್ನು ಕಟ್ಟುವುದು ಉಳಿದುಹೋಗಿದೆ. ಟಾಕಿ ತುಂಬಿದಾಗ ಗಂಟೆ ಹೊಡೆಯುವುದು ಖರೆ, ಆದರೆ ಮಳೆಗೆ ಮುನ್ನ ಗೋಡೆ ತಂಪೇರಿದಾಗಲೂ ಹೊಡೆಯುತ್ತದೆ. ಕಾಕಾನ ಹೆಂಡತಿ ಕಾಕು ಗಂಟೆ ಕೇಳಿದೊಡನೆ ಓಡುವುದು ನಲ್ಲಿ ಬಂದ್ ಮಾಡಲಿಕ್ಕಲ್ಲ, ಮಾಳಿಗೆ ಮೇಲಿನ ಹಪ್ಪಳ ತೆಗೆಯಲಿಕ್ಕೆ.

ಕಳೆದ ಗಣೇಶ ಚೌತಿಗೆ ಓಣಿಯ ಹುಡುಗರು ಪೆಂಡಾಲಿನ ಓಡುವ ದೀಪದ ಕೆಲಸವನ್ನು ಕಾಕಾಗೇ ವಹಿಸಿದರು. 4017, ಪ್ರತಿ ಕಾಲಿಗೊಂದು ಟ್ರಾನ್ಸಿಸ್ಟರ್, 12 ವೋಲ್ಟಿನ ದೀಪದ ಪಟ್ಟಿ, ಎಲ್ಲ ಸರಿಯಾಗಿತ್ತು. ಡಬ್ಬಿಗೆ ಮುಚ್ಚಳ ಇರಲಿಲ್ಲ. ಕಾಕಾನ ಯಾವ ಡಬ್ಬಿಗೂ ಮುಚ್ಚಳ ಇರುವುದಿಲ್ಲ, ನಾಳೆ ಸುಧಾರಣೆ ಮಾಡಬೇಕಲ್ಲ! ಸ್ವಿಚ್ ಹಾಕಿದರು, ಬಗ್ಗಿ ನೋಡಿದರು, ದೀಪ ಗಣಪನ ಸುತ್ತ ಓಡಿದವು. ಚಪ್ಪಾಳೆ ಬಿತ್ತು. ಕಾಕಾ ಚಹಾ ಕುಡಿಯಲು ಹೊರಟರು, ದೀಪ ನಿಂತವು. ವಾಪಸು ಬಂದು ಕೈ ಚಾಚಿದರು, ಓಡಿದವು. ಪೂಜಾರಿ ಕೈ ಚಾಚಿದರೆ ಏನೂ ಆಗಲಿಲ್ಲ. ಅವರದು ರೇಷ್ಮೆ ಮಡಿ, ನಾಲ್ಕು ಹೆಜ್ಜೆ ದೂರದಿಂದಲೇ ಚಾಚಿದ್ದರು.

ನಾನು ಇಣುಕಿ ಎಣಿಸಿದೆ. ಹದಿನೈದನೆಯ ಕಾಲು ಮೈನಸ್‌ಗೆ ಕಟ್ಟಿತ್ತು. ತಾಳವನ್ನು ತಡೆಯುವ ಅಧಿಕಾರವಿರುವ ಹದಿಮೂರನೆಯದು ಗಾಳಿಯಲ್ಲಿತ್ತು.

"ಕಾಕಾ, ಹದಿಮೂರು…" ಎಂದೆ.

"ಸುಮ್ಮಿರ್ರಿ, ಗೊತ್ತೈತಿ. ಸೋಲ್ಡರ್ ಮನ್ಯಾಗೈತಿ."

ಅಷ್ಟರಲ್ಲಿ ಮಹಾಮಂಗಳಾರತಿಗೆ ಗಂಟೆ ಹೊಡೆಯಿತು, ಮಂದಿ ನೆರೆದರು. ಹುಡುಗರು ಪ್ಲಾಸ್ಟಿಕ್ ಖುರ್ಚಿಯೊಂದನ್ನು ತಂದು ಡಬ್ಬಿಯ ಪಕ್ಕ ಹಾಕಿ, ಕಾಕಾನನ್ನು ಕೂರಿಸಿ, ಕೊರಳಿಗೊಂದು ಹಾರ ಹಾಕಿದರು. ಚಹಾ ಅಲ್ಲಿಗೇ ಬಂತು, ಪ್ರಸಾದವೂ ಬಂತು. ಸರತಿಯಲ್ಲಿದ್ದ ಹೆಂಗಸರು ಗಣಪನಿಗೆ ಕೈಮುಗಿದು, ಯಾವುದಕ್ಕೂ ಇರಲಿ ಎಂದು ಕಾಕಾಗೂ ಮುಗಿದು ಮುಂದೆ ಹೋದರು. ರಾತ್ರಿ ಹತ್ತಕ್ಕೆ ಕಾಕು ಊಟಕ್ಕೆ ಕರೆಯಲು ಬಂದಾಗ ಮಂಡಳಿಯ ಹುಡುಗರೇ ಅಡ್ಡ ನಿಂತರು.

"ಕಾಕೂ, ಬುತ್ತಿ ಇಲ್ಲೇ ಕಟಗೊಂಡ ಬರ್ರಿ. ಕಾಕಾ ಎದ್ರ ಲೈಟ್ ನಿಂದರ್ತಾವು."